ಬಾಯಿ ಮುಚ್ಚಿಕೊಳ್ಳುವ ತರಬೇತಿ

ನನ್ನ ಕೈಚೀಲದ ಒಳಜೇಬಿನಲ್ಲಿ ಈಗ ಸದಾ ಒಂದು ಹಿಡಿ ಶುಂಠಿ ಪೆಪ್ಪರಮಿಂಟು ಇರುತ್ತದೆ. ಕೆಮ್ಮಿಗೋ ಅಜೀರ್ಣಕ್ಕೋ ಇರಬೇಕೆಂದು ನೀವು ಭಾವಿಸಿದರೆ ತಪ್ಪಿಲ್ಲ, ನಮ್ಮ ಯಜಮಾನರೂ ಮೊದಲು ಹಾಗೆಯೇ ಭಾವಿಸಿದ್ದರು. ಅದು ನನ್ನ ಬಾಯಿಗೆ ನಾನೇ ಹಾಕಿಕೊಳ್ಳುವ ಬೀಗ. ಭಾರತೀನಗರದ ಸುತ್ತಮುತ್ತಲ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿ, ಎದುರಿಗಿದ್ದವರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಒಪ್ಪಿಸುವ ಚಟ ಹತ್ತಿಸಿಕೊಂಡ ಹೆಂಗಸು ನಾನು. ಇಂಥ ಬಾಯಿಗೆ ಸಣ್ಣಪುಟ್ಟ ಬೀಗ ಸಾಲದೆಂದು ನನ್ನನ್ನು ಬಲ್ಲವರೆಲ್ಲ ಒಪ್ಪುತ್ತಾರೆ.

ಬೀಗ ಸಿಕ್ಕಿದ್ದು ಮಂಡ್ಯದಲ್ಲಿ. ಸೈನ್ಯದಿಂದ ನಿವೃತ್ತರಾಗಿ ಬಂದವರಿಗೆ, ಅವರ ಮನೆಯವರಿಗೆ, ನೆರೆಹೊರೆಯವರಿಗೆ ಎಂದು ಎರಡು ದಿನದ ತರಬೇತಿಯೊಂದನ್ನು ಏರ್ಪಡಿಸಿದ್ದರು. ಮನಸ್ಸು ನೊಂದವರ ಜೊತೆ ಹೇಗಿರಬೇಕು, ಏನು ಕೇಳಬೇಕು, ಯಾವಾಗ ವೈದ್ಯರ ಬಳಿಗೆ ಕರೆದೊಯ್ಯಬೇಕು ಎಂಬುದು ಅಲ್ಲಿನ ಪಾಠ. ಕಲಿಸಲು ಬಂದಿದ್ದ ಡಾಕ್ಟರು ನನ್ನ ಶಿಷ್ಯೆಯರ ವಯಸ್ಸಿನ ಹೆಣ್ಣುಮಗಳು. ಇಬ್ಬಿಬ್ಬರಾಗಿ ಎದುರುಬದುರು ಕೂರಿ, ಒಬ್ಬರು ಕಷ್ಟ ಹೇಳಲಿ, ಇನ್ನೊಬ್ಬರು ಐದು ನಿಮಿಷ ಬರೀ ಕೇಳಲಿ, ಬುದ್ಧಿ ಮಾತ್ರ ಹೇಳಬೇಡಿ ಎಂದರು. ನೀವು ನಮ್ಮ ಸೀಮೆಯವರಾಗಿದ್ದರೆ ಮುಂದೇನಾಯಿತೆಂದು ನಾನು ಹೇಳಬೇಕಾಗಿಯೇ ಇಲ್ಲ. ನನ್ನೆದುರು ಕೂತಿದ್ದ ಮಳವಳ್ಳಿಯ ಮಾಜಿ ಸೈನಿಕರು "ನಂಗೆ ನಿದ್ದೆ ಬರಾಕಿಲ್ಲ ಕಣಮ್ಮ" ಎಂದು ಬಾಯಿ ತೆಗೆದರೋ ಇಲ್ಲವೋ, ಗಸಗಸೆ ಪಾಯಸ ಮಾಡುವ ಕ್ರಮವನ್ನು ಬೆಲ್ಲದ ಅಳತೆಯ ಸಮೇತ ನಾನು ಹೇಳಿ ಮುಗಿಸಿದ್ದೆ. ಕತ್ತೆತ್ತಿ ನೋಡಿದರೆ ಇಡೀ ಸಭಾಂಗಣವೇ ಬುದ್ಧಿ ಹೇಳುತ್ತಿತ್ತು. ಒಬ್ಬರು ಎಣ್ಣೆಸ್ನಾನ ಎನ್ನುತ್ತಿದ್ದರೆ ಇನ್ನೊಬ್ಬರು ಎರಡು ಎಮ್ಮೆ ಕಟ್ಟಿಕೋ ಎನ್ನುತ್ತಿದ್ದರು. ಕಷ್ಟ ಹೇಳಿಕೊಂಡವರನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಕಡೆ ಮನೆಗೆ ಬಂದ ನೆಂಟರನ್ನು ಊಟವಿಲ್ಲದೆ ಕಳಿಸಿದಷ್ಟೇ ಅವಮಾನ. ಮಧ್ಯಾಹ್ನ ಆ ಡಾಕ್ಟರು ಪೆಪ್ಪರಮಿಂಟಿನ ಪೊಟ್ಟಣ ತರಿಸಿ, ಎಲ್ಲರಿಗೂ ಒಂದೊಂದು ಹಂಚಿ, ಇದು ಕರಗುವ ತನಕ ಕಡಿಯದೆ, ಮಾತಾಡದೆ ಕೇಳಿ ಎಂದರು. ಆಗ ಮೊದಲ ಸಲ ಸಭಾಂಗಣದಲ್ಲಿ ಫ್ಯಾನು ತಿರುಗುವ ಸದ್ದು ಕೇಳಿಸಿತು.

ನಾನು ಅಲ್ಲಿಗೆ ಹೋದದ್ದು ನನ್ನ ತಮ್ಮ ಪುಟ್ಟಸ್ವಾಮಿಯ ಸಲುವಾಗಿ. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು, ಹವಾಲ್ದಾರನಾಗಿ ನಿವೃತ್ತನಾಗಿ, ಎರಡು ವರ್ಷದ ಹಿಂದೆ ಆತಗೂರಿನ ಹತ್ತಿರದ ನಮ್ಮ ಹಳ್ಳಿಗೆ ಬಂದು ಬೇಸಾಯಕ್ಕೆ ನಿಂತವನು ಅವನು. ಊರು ಅವನನ್ನು ಹಾರ ಹಾಕಿ ಬರಮಾಡಿಕೊಂಡಿತು, ಮುಯ್ಯಾಳಿಗೂ ಕರೆಯಿತು. ಇವತ್ತು ನಾನು ನಿಮ್ಮ ಗದ್ದೆಯಲ್ಲಿ ದುಡಿದರೆ ನಾಳೆ ನೀವು ಬಂದು ನಮ್ಮ ಗದ್ದೆಯಲ್ಲಿ ದುಡಿಯುವುದು, ಕೂಲಿಯ ಮಾತಿಲ್ಲ, ಅದೇ ಮುಯ್ಯಾಳು. ಹಾರಕ್ಕಿಂತ ಆ ಕರೆ ದೊಡ್ಡದು. ಪುಟ್ಟ ಕಟಾವಿನಲ್ಲಿ ಎಲ್ಲರಿಗಿಂತ ಮುಂದೆ. ಆದರೆ ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಒಣ ತರಗಿಗೆ ಬೆಂಕಿ ಇಡುವ ದಿನ ಮಾತ್ರ ಆಸಾಮಿ ನಾಪತ್ತೆ. ತರಗು ಉರಿಯುವಾಗ ಹೇಗೆ ಚಟಪಟ ಸಿಡಿಯುತ್ತದೆಂದು ಕೇಳಿದವರಿಗೆ ಗೊತ್ತು. ಆ ಸದ್ದಿಗೂ ಅವನ ಓಟಕ್ಕೂ ಇದ್ದ ನಂಟು ಊರಿಗೆ ಹೊಳೆಯಲಿಲ್ಲ, ಒಡಹುಟ್ಟಿದ ನನಗೂ ಹೊಳೆಯಲಿಲ್ಲ. "ಮಿಲ್ಟ್ರಿ ಸಾಯೇಬ್ರಿಗೆ ಮಸಿ ಅಂಟ್ತದಂತೆ ಕಣ್ಲಾ" ಎಂದು ಜನ ನಕ್ಕರು, ಎರಡನೇ ವರ್ಷ ಮುಯ್ಯಾಳಿಗೆ ಕರೆಯುವುದನ್ನೇ ಬಿಟ್ಟರು.

ಅಲ್ಲಿಂದ ಪುಟ್ಟ ಮನೆ ಬಿಟ್ಟು ಕದಲಲಿಲ್ಲ. ನಿದ್ದೆಯೂ ಅವನನ್ನು ಬಿಟ್ಟಿತು. ಕೋಳಿ ಕೂಗುವ ಎಷ್ಟೋ ಮುಂಚೆ ಎದ್ದು ಜಗಲಿಯಲ್ಲಿ ಕೂತಿರುತ್ತಿದ್ದ. ಅವನ ಹೆಂಡತಿ ಜಯಮ್ಮ ಒಂದು ದಿನ ಫೋನಿನಲ್ಲಿ ಅತ್ತಳು: "ಡಾಕ್ಟ್ರತ್ರ ಓಗಾನ ಬನ್ನಿ ಅಂದ್ರೆ, ನಂಗೇನ್ ತಲೆ ಕೆಟ್ಟದಾ ಅಂತಾರೆ ಅತ್ಗೆ. ನಂಗೆ ಬೋ ಭಯ ಆಯ್ತದೆ." ನನಗೂ ಭಯವಾಯಿತು. ಇಷ್ಟು ವರ್ಷ ಗಡಿಯಲ್ಲಿದ್ದಾಗ ಕಳೆದುಕೊಳ್ಳದ ತಮ್ಮನನ್ನು ಈಗ ಜಗಲಿಯ ಮೇಲೆ ಕಳೆದುಕೊಳ್ಳುತ್ತಿದ್ದೇನೆ ಅನ್ನಿಸಿತು.

ತರಬೇತಿ ಮುಗಿದ ಮೂರನೇ ದಿನವೇ ಊರಿಗೆ ಹೋದೆ. ಜಗಲಿಯಲ್ಲಿ ಅವನೆದುರು ಕೂತು, "ಹೇಗಿದ್ದೀಯಪ್ಪ ಪುಟ್ಟ? ಹೇಳು, ಕೇಳ್ತೀನಿ" ಎಂದು ಬಾಯಿಗೆ ಪೆಪ್ಪರಮಿಂಟು ಹಾಕಿಕೊಂಡೆ. ಅವನು ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಒಂದು ಕರಗಿತು, ಎರಡು ಕರಗಿತು. ಮೂರನೆಯದಕ್ಕೆ ಕೈ ಹಾಕಿದಾಗ ಅವನೇ ಗಾಬರಿಯಾಗಿ, "ಯಾಕಕ್ಕ ಇಂಗ್ ಸುಮ್ಕೆ ಕೂತಿದ್ದೀಯ? ಮನೇಲಿ ಯಾರಾರ ಏನಾರ ಅಂದ್ರಾ?" ಎಂದು ಕೇಳಿದ. ಸಾಂತ್ವನ ಹೇಳಲು ಹೋದವಳಿಗೇ ಸಾಂತ್ವನ ಸಿಗುವ ಹಾಗಾಯಿತು.

ಅಷ್ಟರಲ್ಲಿ ಕುಡುಗೋಲು ಕೇಳಿಕೊಂಡು ಪಕ್ಕದ ಗದ್ದೆಯ ನಿಂಗಮ್ಮ ಬಂದಳು. ಎಪ್ಪತ್ತರ ಹತ್ತಿರದವಳು, ಯಾವ ತರಬೇತಿಯ ಬಾಗಿಲನ್ನೂ ಕಂಡವಳಲ್ಲ. ಕುಡುಗೋಲಿನ ಬಾಯನ್ನು ಬೆರಳಲ್ಲಿ ಸವರಿ ನೋಡುತ್ತಲೇ ಕೇಳಿದಳು: "ಅಲ್ಲ ಕಣ್ಲಾ ಪುಟ್ಟ, ತರಗಿಗೆ ಬೆಂಕಿ ಇಟ್ಟ ದಿನ ನಮ್ ಕೊಟ್ಟಿಗೆಲಿ ಕಿವಿ ಮುಚ್ಕೊಂಡು ಕೂತಿದ್ದೆ, ನಾ ನೋಡ್ದೆ. ಆ ಸದ್ದು ಕೇಳುದ್ರೆ ಎದ್ರಿಕೆ ಆಯ್ತದಾ ನಿಂಗೆ?"

ಬಾಯಲ್ಲಿದ್ದ ಪೆಪ್ಪರಮಿಂಟು ಇಡಿಯಾಗಿ ನನ್ನ ಗಂಟಲಲ್ಲಿ ಇಳಿಯಿತು. ನೇರವಾಗಿ ಕೇಳಿ ಎಂದು ಡಾಕ್ಟರು ಹೇಳಿದ್ದನ್ನು ಪುಸ್ತಕದಲ್ಲಿ ಬರೆದು ಎರಡು ಗೆರೆ ಎಳೆದಿದ್ದವಳು ನಾನು, ಕೇಳಿದವಳು ನಿಂಗಮ್ಮ. ಪುಟ್ಟ ನೆಲ ನೋಡುತ್ತಲೇ "ಊಂ ಕಣಮ್ಮ, ಆಯ್ತದೆ" ಎಂದ. ಆಮೇಲೆ ಅವನ ಮಾತು ನಿಲ್ಲಲಿಲ್ಲ. ಬೆಟ್ಟದ ಮೇಲಿನ ಆ ಬೆಳಗು, ಅಂಥದೇ ಚಟಪಟ ಸದ್ದು, ಪಕ್ಕದಲ್ಲೇ ಇದ್ದು ಮತ್ತೆ ಏಳದೆ ಹೋದ ಗೆಳೆಯ. ನಿಂಗಮ್ಮ ಕುಡುಗೋಲನ್ನು ಮಡಿಲಲ್ಲಿಟ್ಟುಕೊಂಡು ನೆಲಕ್ಕೆ ಕೂತವಳು ಅವನು ಮುಗಿಸುವ ತನಕ ಒಂದಕ್ಷರ ಆಡಲಿಲ್ಲ. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ. ಕೊನೆಗೆ ಅವಳು ಎದ್ದು, "ಮೊದ್ಲೇ ಯೋಳಿದ್ರೆ ನಾವು ಬೆಂಕಿ ಇಡ್ತಿದ್ವಾ? ಈ ಸಲ ತರಗ ಸಾಲಿಗೆ ಅರಡಿ ಕೊಳೆಸಾನ ಬುಡು. ಸುಕ್ರವಾರ ನಮ್ ಕಟಾವು, ಮುಯ್ಯಾಳು ಬಾ" ಎಂದು ಹೊರಟೇಹೋದಳು.

ಆಮೇಲೆ ನಾನು ಬಹಳ ಯೋಚಿಸಿದೆ. ನಮ್ಮ ಮಾತು ಒರಟು ಎಂದು ಮೈಸೂರಿನ ನೆಂಟರು ಆಡಿಕೊಳ್ಳುವುದುಂಟು, ನಾನೇ ಮಕ್ಕಳ ನಾಲಿಗೆ ತಿದ್ದಲು ಹೋಗಿ ಸೋತಿದ್ದೇನೆ. ಆದರೆ ಮನೋವೈದ್ಯರು ಎರಡು ದಿನ ಬೆವರು ಸುರಿಸಿ ಕಲಿಸಿದ ನೇರ ಪ್ರಶ್ನೆ ಈ ನಾಲಿಗೆಗೆ ಹುಟ್ಟಿನಿಂದಲೇ ಬಂದಿದೆ. ಕೇಳಿದ ಮೇಲೆ ಸುಮ್ಮನಿರುವುದೊಂದೇ ನಾವು ಕಲಿಯಬೇಕಾದದ್ದು, ನಿಂಗಮ್ಮ ಅದನ್ನೂ ಎಲ್ಲಿಯೋ ಕಲಿತಿದ್ದಳು. ಅವಳು ಪುಟ್ಟನಿಗೆ ಧೈರ್ಯ ತಂದುಕೋ ಎನ್ನಲಿಲ್ಲ, ಬೆಂಕಿಯನ್ನೇ ನಿಲ್ಲಿಸಿದಳು. ತರಗು ಸುಡಬೇಡಿ, ಮಣ್ಣು ಕೆಡುತ್ತದೆ ಎಂದು ಕೃಷಿ ಇಲಾಖೆಯವರು ಎಷ್ಟು ವರ್ಷ ಹೇಳಿದರೂ ಕಿವಿಗೆ ಹಾಕಿಕೊಳ್ಳದ ಊರು, ಪುಟ್ಟನಿಗಾಗಿ ಆ ವರ್ಷ ಗೊಣಗುತ್ತಲೇ ಬೆಂಕಿಪೊಟ್ಟಣ ಒಳಗಿಟ್ಟಿತು. ನನಗಂತೂ ಹೇಳಲಾರದಷ್ಟು ಸಂತೋಷವಾಯಿತು.

ನಿಂಗಮ್ಮನ ಕಟಾವು ಮುಗಿಸಿ ಬಂದ ಸಂಜೆ ಪುಟ್ಟ ತಾನಾಗಿ ಫೋನು ಮಾಡಿ, "ಅಕ್ಕ, ಮಂಡ್ಯದ ಆ ಡಾಕ್ಟ್ರು ಯಾವತ್ತು ಸಿಕ್ತಾರೆ?" ಎಂದ. ಮೂರು ಸಲ ಹೋಗಿಬಂದೆವು. ಮೂರನೇ ಸಲ ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ಅವನು ಸ್ವಲ್ಪ ಸಂಕೋಚದಿಂದ, "ನಾಳಿಕೆ ನಮ್ ಗದ್ದೆ ಕಟಾವು ಕಣಕ್ಕ. ಬೆಳಿಗ್ಗೆ ಆರಕ್ಕೆ ಒಂದ್ ಫೋನ್ ಮಾಡು, ಎಚ್ಚರ ಆಯ್ತದೋ ಇಲ್ವೋ" ಎಂದ. ನಾನು ಮುಖ ತಿರುಗಿಸಿ ಬಸ್ಸಿನ ಬೋರ್ಡು ಓದಿದೆ.

ಬೆಳಿಗ್ಗೆ ಆರಕ್ಕೆ ಸರಿಯಾಗಿ ಫೋನು ಮಾಡಿದೆ. ತುಂಬ ಹೊತ್ತು ರಿಂಗಾದ ಮೇಲೆ ಜಯಮ್ಮ ಎತ್ತಿಕೊಂಡು ಪಿಸುಗುಟ್ಟಿದಳು:

"ಇನ್ನೂ ಮಲ್ಗವ್ರೆ ಅತ್ಗೆ. ಮುಯ್ಯಾಳೆಲ್ಲ ಬಂದು ಆಗ್ಲೇ ಕಬ್ಬು ಕಡೀತಾವ್ರೆ. ಎಬ್ಬಿಸಾನ ಅಂದ್ರೆ ಒಳೀಕೆ ಬುಡ್ದಂಗೆ ನಿಂಗಮ್ಮ ಬಾಗ್ಲಿಗೆ ಅಡ್ಡ ಕೂತವ್ಳೆ!"