ಫ್ಯೂಸಿನ ಜಾಗದಲ್ಲಿ ಒಂದು ಬಲ್ಬು

ಬೆಳಗ್ಗೆ ಅಂಗಡಿಯ ಷಟರ್ ಎತ್ತಿದ ಕೂಡಲೇ ರಾಧಾಮಣಿ ಮಾಡುವ ಮೊದಲ ಕೆಲಸವೆಂದರೆ ಕೈಯಲ್ಲಿರುವ ಚಿನ್ನದ ಬಳೆಗಳನ್ನು ಕಳಚಿ ಕಾಳಿಕಾಂಬೆಯ ಪಟದ ಕೆಳಗಿನ ಮೊಳೆಗೆ ಸಿಕ್ಕಿಸುವುದು. ಗಾಜಿನ ಬಳೆಗಳು ಕೈಯಲ್ಲೇ ಇರುತ್ತವೆ. ತಾಳಿಯನ್ನು ಒಂದು ಪುಟ್ಟ ಬಟ್ಟೆಯ ಚೀಲಕ್ಕೆ ಸೇರಿಸಿ ರವಿಕೆಯೊಳಗೆ ಪಿನ್ನು ಹಾಕಿಕೊಳ್ಳುತ್ತಾಳೆ. ಹಬ್ಬದ ದಿನವೂ ಅಷ್ಟೆ. ಬೀಗರು ಮನೆಯಲ್ಲಿ ಕಾಯುತ್ತಿದ್ದಾರೆ, ಐದು ನಿಮಿಷದ ಕೆಲಸ ಅಂದರೂ ಅಷ್ಟೆ. ಬ್ಯಾಟರಿಯ ಎರಡು ತುದಿಗೂ ಒಂದು ಬಳೆ ತಗುಲಿತೆಂದರೆ ಕೆಂಪಗೆ ಕಾದು ಮಣಿಕಟ್ಟಿಗೆ ಅಂಟಿಕೊಳ್ಳುತ್ತದೆ. ಅವಳ ಅಪ್ಪ ಕಾಳಪ್ಪನವರಿಗೆ ಬೆರಳಿನ ಉಂಗುರದಿಂದ ಹಾಗೇ ಆಗಿತ್ತು. ಆ ಕಲೆ ಅವರು ಕಣ್ಣು ಮುಚ್ಚುವ ತನಕ ಹೋಗಲಿಲ್ಲ.

ಬೆಳ್ಳೂರು ಕ್ರಾಸಿನಲ್ಲಿ ಅವಳ ಅಂಗಡಿಯೂ ನನ್ನ ಹೊಲಿಗೆ ಅಂಗಡಿಯೂ ಅಕ್ಕಪಕ್ಕ. ನಡುವಿನ ಗೋಡೆ ಬರೀ ತಗಡಿನದು. ಅಲ್ಲಿ ಆಡಿದ ಮಾತು ನನ್ನ ಮಿಷನ್ನಿನ ಸದ್ದಿನಲ್ಲೂ ಕಿವಿಗೆ ಬೀಳುತ್ತದೆ.

ಅವರದು ಅಕ್ಕಸಾಲಿಗರ ಮನೆತನ. ನಾಗಮಂಗಲದಲ್ಲಿ ಕಾಳಪ್ಪನವರು ಓಲೆ, ಮೂಗುತಿ, ತಾಳಿ ಮಾಡಿಕೊಂಡಿದ್ದವರು. ಜನ ಸಿದ್ಧ ಒಡವೆಯ ಅಂಗಡಿಗಳ ಕಡೆ ತಿರುಗಿದ ಮೇಲೆ ಅದೇ ಬೆಸುಗೆಯ ಕೈಯನ್ನು ಲಾರಿಗಳ ಡೈನಮೊ, ಸೆಲ್ಫ್ ಮೋಟರುಗಳ ಮೇಲೆ ಇಟ್ಟು ಕ್ರಾಸಿಗೆ ಬಂದರು. ವಯಸ್ಸಾಗಿ ಅವರ ಕಣ್ಣು ಮಂಜಾದಾಗ ಮಗಳು ಪಕ್ಕದಲ್ಲಿ ಕೂತು ಯಾವುದು ಹಸಿರು ವೈರು, ಯಾವುದು ಕಂದು ಎಂದು ಹೇಳತೊಡಗಿದಳು. ಹೇಳುತ್ತ ಹೇಳುತ್ತ ಕೆಲಸ ಕೈಗೆ ಬಂತು. ಅಪ್ಪ ಹೋದ ಮೇಲೂ ಷಟರ್ ಕೆಳಗಿಳಿಯಲಿಲ್ಲ. ಮೊದಮೊದಲು ಲಾರಿಯವರು ಬಂದು, "ಮೇಸ್ತ್ರಿ ಎಲ್ಲಮ್ಮ?" ಎಂದು ಕೇಳುತ್ತಿದ್ದರು.

"ನಿಮ್ಮ ಮುಂದೇನೆ ನಿಂತವ್ರೆ, ಕಾಣಕಿಲ್ವ?" ಎನ್ನುತ್ತಿದ್ದಳು ಅವಳು.

ಈಗ ಯಾರೂ ಕೇಳುವುದಿಲ್ಲ. ಅದರಲ್ಲೂ ಗುದ್ದಿದ ಗಾಡಿ ಅಂದರೆ ಅವಳೇ ಬೇಕು. ನೆಗ್ಗಿದ ತಗಡನ್ನು ತಟ್ಟಿ ನೆಟ್ಟಗೆ ಮಾಡಿ ಪೇಂಟ್ ಹೊಡೆದರೆ ಗಾಡಿ ಮದುವಣಗಿತ್ತಿಯ ಹಾಗೆ ಕಾಣುತ್ತದೆ. ಒಳಗಿನ ವೈರಿಗೆ ಬಿದ್ದ ಪೆಟ್ಟು ಮಾತ್ರ ಯಾರ ಕಣ್ಣಿಗೂ ಕಾಣುವುದಿಲ್ಲ. ಅದನ್ನು ಹುಡುಕಿ ತೆಗೆಯುವುದು ಅವಳ ಕೆಲಸ.

ಹೋದ ವರ್ಷ ಒಂದು ಅಮಾವಾಸ್ಯೆಯ ದಿನ ಬಂದ ಹಾಲಿನ ಟೆಂಪೊದ ಕತೆ ಹೇಳುತ್ತೇನೆ. ಟೆಂಪೊ ಸಿಂಧಘಟ್ಟದ ನಾಗರಾಜುವಿನದು. ಊರೂರಿನ ಡೇರಿಯಲ್ಲಿ ಕ್ಯಾನು ತುಂಬಿಕೊಂಡು ಕೆ.ಆರ್. ಪೇಟೆಯ ಶೀತಲ ಕೇಂದ್ರಕ್ಕೆ ಮುಟ್ಟಿಸುವುದು ಅವನ ಜೀವನ. ಒಂದು ಮುಸ್ಸಂಜೆ, ಹಿಂದೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೈಲರಿಗೆ ಟೆಂಪೊ ಗುದ್ದಿ ಎಡಗಡೆಯ ಮೂತಿ ಒಳಕ್ಕೆ ಹೋಯಿತು. ಅವನಿಗೆ ತರಚು ಗಾಯವಷ್ಟೆ, ದೇವರು ದೊಡ್ಡವನು. ಟಿಂಕರಿಂಗ್ ಆಯಿತು, ಬಣ್ಣವಾಯಿತು, ಹೊಸ ದೀಪ ಕೂತಿತು. ಆದರೆ ಅಂದಿನಿಂದ ಟೆಂಪೊ ರಸ್ತೆಯ ಹಂಪಿನ ಮೇಲೆ ಹಾರಿದರೆ ಸಾಕು, ಫ್ಯೂಸು ಸುಟ್ಟು ನಿಂತುಬಿಡುತ್ತಿತ್ತು. ಹೊಸ ಫ್ಯೂಸು ಹಾಕಿದರೆ ಒಂದಷ್ಟು ದೂರ ಓಡಿ ಮತ್ತೆ ಢಮಾರ್. ಕೆ.ಆರ್. ಪೇಟೆಯಲ್ಲಿ ಒಬ್ಬರು, ಪಾಂಡವಪುರದಲ್ಲಿ ಒಬ್ಬರು ಮುಂದಿನ ವೈರನ್ನೆಲ್ಲ ಬದಲಾಯಿಸಿಯೂ ಆಯಿತು. ದಾರಿಯಲ್ಲಿ ನಿಂತು ಒಮ್ಮೆ ಹಾಲೆಲ್ಲ ಒಡೆಯಿತು. ಇನ್ನೊಂದು ಸಲ ತಪ್ಪಿದರೆ ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಎಂದು ಡೇರಿಯವರು ಖಂಡಿತವಾಗಿ ಹೇಳಿಬಿಟ್ಟಿದ್ದರು. ಅವತ್ತಿನ ಸಂಜೆಯ ಹಾಲು ಎತ್ತಿದರೆ ರೂಟು ಉಳಿಯಿತು, ಇಲ್ಲವಾದರೆ ಹೋಯಿತು.

ಟೆಂಪೊದಲ್ಲಿ ಅವನ ಜೊತೆ ತಾಯಿ ಬೈರಮ್ಮನೂ ಇದ್ದರು. ಅಮಾವಾಸ್ಯೆ ಪೂಜೆಗೆ ಚುಂಚನಗಿರಿ ಬೆಟ್ಟಕ್ಕೆ ಹೊರಟಿದ್ದವರು, ಮಡಿಲಲ್ಲಿ ಹಣ್ಣುಕಾಯಿ ಬುಟ್ಟಿ. ಹಿಂದೆ ಕ್ಯಾನುಗಳ ನಡುವೆ ನಾಗರಾಜುವಿನ ಹೆಂಡತಿಯ ತಮ್ಮ ದಿಲೀಪ್ ನಿಂತಿದ್ದ. ಗಾಡಿ ನಿಂತಲ್ಲೆಲ್ಲ ತಳ್ಳುವುದಕ್ಕೆ ಕರೆತಂದದ್ದು. ಇಳಿದವನೇ ಅವನು, "ಭಾವ, ನಾನು ಯೋಳ್ತಾನೆ ಇವ್ನಿ. ಇದ್ಕೆ ಪೀಡೆ ಅಂಟ್ಕೊಂಡದೆ. ಗುಜರಿಗೆ ಆಕ್ಬುಟ್ಟು ಸುಮ್ಕಿರು" ಎಂದ.

"ನಿನ್ನ ಗುಜರಿಗೆ ಆಕಿದ್ರೆ ನಮ್ಮಕ್ಕಿಯಾದ್ರೂ ಉಳೀತಿತ್ತು, ಸುಮ್ಕಿರ್ಲಾ" ಎಂದ ನಾಗರಾಜು.

ರಾಧಾಮಣಿ ಮೂತಿಯ ಎಡಭಾಗ ಬಿಚ್ಚಿದಳು. ಪೆಟ್ಟು ಬಿದ್ದದ್ದು ಅಲ್ಲೇ ತಾನೆ. ಗಾಡಿಯ ಮೈಗೆ ಅರ್ಥ್ ಕೊಡುವ ಬೋಲ್ಟಿನ ಮೇಲೂ ಪೇಂಟರು ದಪ್ಪಗೆ ಬಣ್ಣ ಹೊಡೆದಿದ್ದ. ಬಣ್ಣ ಅಡ್ಡ ಬಂದರೆ ಕರೆಂಟಿಗೆ ದಾರಿ ಇಲ್ಲ. ಅವಳು ಅದನ್ನು ಕೆರೆದು ಬೆಳ್ಳಗೆ ಮಾಡಿ ಬಿಗಿದಳು. ಮಂಕಾಗಿದ್ದ ದೀಪಗಳು ಫಳ್ಳನೆ ಹೊಳೆದವು. "ಸಿಕ್ತು ಬುಡು" ಎಂದಳು. ನಾಗರಾಜು ಕೈ ಮುಗಿದ. ಬೈರಮ್ಮ ಬುಟ್ಟಿ ಎತ್ತಿಕೊಂಡರು. ಟೆಂಪೊ ಹೊರಟು ಮಿಲಿಟರಿ ಹೋಟೆಲಿನ ಮುಂದಿನ ಹಂಪು ಹತ್ತಿ ಇಳಿಯಿತು. ಅಲ್ಲೇ ನಿಂತಿತು.

ದಿಲೀಪ್ ಹಿಂದಿನಿಂದ ತಳ್ಳಿಕೊಂಡು ಬರುವಾಗ ಅವಳ ಮುಖ ನೋಡಬೇಕಿತ್ತು. ಸಿಕ್ಕಿದ ಮೊದಲ ತಪ್ಪನ್ನೇ ಪೂರ್ತಿ ತಪ್ಪು ಅಂದುಕೊಂಡಿದ್ದಳು. ಒಂದು ಲೋಟ ನೀರು ಕುಡಿದು, ಹಳೆಯ ಹೆಡ್‌ಲೈಟ್ ಬಲ್ಬೊಂದಕ್ಕೆ ಎರಡು ವೈರು ಬೆಸೆದು, ಸುಟ್ಟ ಫ್ಯೂಸಿನ ಜಾಗಕ್ಕೆ ಅದನ್ನು ಸಿಕ್ಕಿಸಿದಳು.

"ಇದೇನಕ್ಕ, ಫ್ಯೂಸಿನ ಬದ್ಲು ಬಲ್ಬು?" ಎಂದ ದಿಲೀಪ್.

"ಫ್ಯೂಸು ಸಾಯ್ತದೆ, ಯಾವಾಗ ಸತ್ತೆ ಅಂತ ಯೋಳಕಿಲ್ಲ. ಇದು ಯೋಳ್ತದೆ. ಕೀಲಿ ತಿರುಗಿಸಿ ಮಡಗ್ತೀನಿ. ಮಂಕಾಗಿ ಉರೀತಿದ್ರೆ ಎಲ್ಲಾ ಸರಿ. ಝಗ್ಗಂತ ಉರುದ್ರೆ ಎಲ್ಲೋ ಕರೆಂಟು ಗಾಡಿ ಮೈಗೆ ಮುಟ್ತಾ ಅದೆ. ನೀನು ಮೇಲೆ ಅತ್ತಿ ಕುಣಿ."

"ನಾನಾ?"

"ಇಷ್ಟೊತ್ತು ಬಾಯಿ ಕುಣುಸ್ದೆ. ಈಗ ಕಾಲು ಕುಣುಸು."

ಅವನು ಹತ್ತಿ ಕುಣಿದ. ಖಾಲಿ ಕ್ಯಾನುಗಳು ತಮಟೆಯಂತೆ ಸದ್ದು ಮಾಡಿದವು. ಹೋಟೆಲಿನವರೆಲ್ಲ ಹೊರಗೆ ಬಂದು ನಿಂತರು. ಮಂಕಾಗಿದ್ದ ಬಲ್ಬು ಇದ್ದಕ್ಕಿದ್ದಂತೆ ಝಗ್ಗನೆ ಉರಿದು ಮತ್ತೆ ಮಂಕಾಯಿತು. ಅವಳು ಮೂತಿಯ ಎಡಗಡೆಗೆ ಹೋಗುವ ವೈರಿನ ಗಂಟನ್ನೇ ಬಿಚ್ಚಿಹಾಕಿ ಮತ್ತೆ ಕುಣಿಸಿದಳು. ಆಗಲೂ ಝಗ್ಗಂದಿತು. ಅಂದರೆ ಗುದ್ದಿದ ಜಾಗದಲ್ಲಿ ತಪ್ಪಿರಲಿಲ್ಲ. ಇಷ್ಟು ದಿನ ಎಲ್ಲರೂ ಗಾಯದ ಜಾಗವನ್ನೇ ಕೆರೆಯುತ್ತಿದ್ದರು.

"ಗುದ್ದಿದ್ ಮ್ಯಾಲೆ ಈ ಗಾಡಿ ಒಳಗೆ ಕೈ ಆಕಿದೋರು ಯಾರ್ಯಾರು? ಒಬ್ರುನ್ನೂ ಬುಡ್ದೆ ಯೋಳಿ."

ನಾಗರಾಜು ಟಿಂಕರು, ಪೇಂಟರು, ಇಬ್ಬರು ಎಲೆಕ್ಟ್ರಿಷಿಯನ್ನರು ಎಂದು ಹೇಳಿ, ದಿಲೀಪನ ಕಡೆ ನೋಡಿದ. ದಿಲೀಪ್ ಹಾಡಿನ ಸೆಟ್ಟು ಕೂರಿಸಿದ್ದ.

"ಓ, ನನ್ ಮ್ಯಾಲೆ ಬಂತಾ?" ಎಂದ ಅವನು. ರಾಧಾಮಣಿ ಸೆಟ್ಟಿನ ವೈರೂ ಕಿತ್ತಳು. ಅವನೇ ಹತ್ತಿ, ಈ ಸಲ ರೋಷದಿಂದಲೇ ಕುಣಿದ. ಬಲ್ಬು ಝಗ್ಗನೆ ಉರಿಯಿತು. ತಪ್ಪು ತನ್ನದಲ್ಲವೆಂದು ದಿಲೀಪನಿಗೆ ಆದಂಥ ಸಂತೋಷ ಬೇರೆಂದೂ ಆಗಿರಲಿಕ್ಕಿಲ್ಲ.

ಬೈರಮ್ಮ ಮಾತ್ರ ಬೆಳಗಿನಿಂದ ಒಂದು ಮಾತೂ ಆಡದೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಕೊಟ್ಟ ನೀರನ್ನೂ ಮುಟ್ಟಿರಲಿಲ್ಲ. ಉಪವಾಸವಿರಬೇಕು ಅಂದುಕೊಂಡೆ.

ರಾಧಾಮಣಿ ಸ್ಟೀರಿಂಗಿನ ಕೆಳಗೆ ಬೆನ್ನು ಹಾಕಿ ಮಲಗಿ ಫ್ಯೂಸಿನ ಪೆಟ್ಟಿಗೆಯ ಹತ್ತಿರ ಮೂಗು ಒಯ್ದಳು. ಗುದ್ದಿದ ಏಟಿಗೆ ಪೆಟ್ಟಿಗೆಯ ಮುಚ್ಚಳ ಮುರಿದು ಬಿದ್ದಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ನಾತದ ಜೊತೆ ಇನ್ನೊಂದು ವಾಸನೆಯಿತ್ತು ಎಂದು ಆಮೇಲೆ ಅವಳು ನನಗೆ ಹೇಳಿದಳು. ಒಗ್ಗರಣೆಯಲ್ಲಿ ಅರಿಶಿನ ಸೀದುಹೋದರೆ ಬರುವ ವಾಸನೆ. ಪೆಟ್ಟಿಗೆಯ ಹಿಂದಿನ ಸಂದಿಗೆ ಎರಡು ಬೆರಳು ತೂರಿಸಿದಳು. ತೆಳ್ಳನೆಯ ಒಂದು ಅಂಚು ತಗುಲಿತು. ಅಷ್ಟು ತೆಳುವಾಗಿ ಬಡಿದ ತಾಮ್ರ ಯಾವುದಕ್ಕೆ ಆಗುತ್ತದೆ ಎಂದು ಅಕ್ಕಸಾಲಿಗರ ಮನೆಯ ಬೆರಳಿಗೆ ಹೇಳಿಕೊಡಬೇಕಾಗಿಲ್ಲ.

ಅವಳು ಅದನ್ನು ಎಳೆಯಲಿಲ್ಲ. ಬರಿಗೈಯಲ್ಲಿ ಎದ್ದು ಬಂದು, "ನೀವಿಬ್ರೂ ಓಗಿ ಟೀ ಕುಡ್ಕಂಡ್ ಬನ್ನಿ" ಎಂದಳು.

"ಒತ್ತಾಯ್ತದಲ್ಲಕ್ಕ, ಸಂಜೆ ಆಲು..." ಎಂದ ನಾಗರಾಜು.

"ಆಲಿಗೋಸ್ಕರಾನೆ ಯೋಳ್ತಿರದು. ಓಗು."

ಗಂಡಸರು ರಸ್ತೆ ದಾಟಿದ ಮೇಲೆ ಅವಳು ಬಂದು ಬೈರಮ್ಮನ ಪಕ್ಕ ಕೂತಳು. "ಅವ್ವಾ, ಒಳಗೊಂದು ಯಂತ್ರದ ತಗಡು ಅದೆ. ತಗೆಯಕ್ಕೆ ಮುಂಚೆ ನಿಮ್ಮುನ್ನ ಕೇಳ್ಬೇಕು ಅನ್ನುಸ್ತು."

ಬೈರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. ಆಮೇಲೆ, "ಯೋಳುದ್ರೆ ಸಕ್ತಿ ಓಯ್ತದೆ ಅಂದವ್ರೆ ಕಣವ್ವ" ಎಂದರು.

"ಯಂತ್ರ ಬರ್ದುಕೊಟ್ಟೋರಾ?"

"ಊಂ. ವಯಸ್ಸಾದೋರು, ಪಕ್ಕದೂರೋರು. ಗಾಡಿ ಓಡ್ಸೋನ ಕಣ್ಗೆ ಬೀಳ್ದಂಗೆ ಮಡಗ್ಬೇಕು, ಯಾರ್ಗೂ ಯೋಳ್ಬಾರ್ದು ಅಂದ್ರು. ಅವನಪ್ಪ ಓದುದ್ದು ರೋಡಲ್ಲೆ. ಇವ್ನೂ ಗುದ್ದುಸ್ಕೊಂಡ ಬಂದ್ನಲ್ಲ, ನಂಗೆ ನಿದ್ದೆ ಬರ್ನಿಲ್ಲ. ಅಲ್ಲಿ ಕೆಳ್ಗೆ ಒಂದು ಗೂಡಿನಂಗೆ ಬಾಯಿ ತಕ್ಕೊಂಡಿತ್ತು. ಅರಿಸಿನದ ದಾರ ಸುತ್ತಿ ಮಡುಗ್ದೆ."

ಬಾಯಿ ತೆರೆದುಕೊಂಡಿದ್ದ ಆ ಗೂಡೇ ಮುಚ್ಚಳ ಹೋದ ಫ್ಯೂಸಿನ ಪೆಟ್ಟಿಗೆ. ಮಗನನ್ನು ಕಾಯಲೆಂದು ಇಟ್ಟ ತಗಡು ಗಾಡಿ ಎಗರಿದಾಗಲೆಲ್ಲ ವಾಲಿ, ಒಂದು ತುದಿ ಕರೆಂಟಿಗೂ ಇನ್ನೊಂದು ತುದಿ ಗಾಡಿಯ ಮೈಗೂ ಮುಟ್ಟಿ ಅವನನ್ನು ನಡುದಾರಿಯಲ್ಲಿ ನಿಲ್ಲಿಸುತ್ತಿತ್ತು.

ರಾಧಾಮಣಿ ಅದನ್ನು ಆ ಮಾತಿನಲ್ಲಿ ಹೇಳಲಿಲ್ಲ. "ನಮ್ಮ ತಾತನೂ ಇಂತ ತಗಡು ತಟ್ಟಿ ಕೊಡೋರು ಅವ್ವ. ಅದ್ಕೆ ನಾನು ಅಗೌರವ ಮಾಡಕಿಲ್ಲ. ನಾನು ದಿನಾ ಬಂದ ತಕ್ಷಣ ಬಳೆ ಬಿಚ್ಚಿಡ್ತೀನಿ, ತಾಳಿ ಬಟ್ಟೇಲಿ ಮುಚ್ಕತೀನಿ. ಭಕ್ತಿ ಕಮ್ಮಿಯಾಗಿ ಅಲ್ಲ. ಲೋಹ ಲೋಹಾನೆ, ಕರೆಂಟಿಗೆ ಅದ್ರ ಮ್ಯಾಲೆ ಏನು ಬರ್ದದೆ ಅಂತ ಓದಕ್ಕೆ ಬರಕಿಲ್ಲ. ಇದ್ಕೂ ಒಂದು ಬಟ್ಟೆ ತೊಡಿಸಿ, ಬೇರೆ ಜಾಗದಲ್ಲಿ ಕೂರ್ಸನ. ಆಯ್ತಾ?"

ಬೈರಮ್ಮ ಕಣ್ಣೊರೆಸಿಕೊಂಡರು. "ಸಕ್ತಿ?"

"ನಂಗೆ ತಾನೆ ಯೋಳಿದ್ದು. ನಾನು ಯಾರೂ ಅಲ್ಲ, ಎಲೆಕ್ಟ್ರಿಷಿಯನ್ನು."

ಅವರು ನಕ್ಕದ್ದು ಅವತ್ತು ಅದೇ ಮೊದಲು. ನೀರನ್ನೂ ಕುಡಿದರು.

ತಗಡು ಹೊರಗೆ ಬಂದಾಗ ಒಂದು ಮೂಲೆ ಕಪ್ಪಗಾಗಿತ್ತು, ದಾರ ಸುಟ್ಟು ಚೂರಾಗಿತ್ತು. ರಾಧಾಮಣಿ ಅದನ್ನು ಕಣ್ಣಿಗೊತ್ತಿಕೊಂಡು ವೈರಿಗೆ ಹಾಕುವ ರಬ್ಬರಿನ ಕೊಳವೆಯೊಳಗೆ ಸೇರಿಸಿ ಎರಡೂ ತುದಿ ಅಂಟಿಸಿದಳು. ನಾನು ಹಳದಿ ಬಟ್ಟೆಯ ಚೂರಿನಲ್ಲಿ ಒಂದು ಚೀಲ ಹೊಲಿದುಕೊಟ್ಟೆ. ಸೀಟಿನ ಹಿಂದೆ, ವೈರುಗಳಿಂದ ದೂರ, ಬೈರಮ್ಮ ತಮ್ಮ ಕೈಯಾರೆ ಅದನ್ನು ಕಟ್ಟಿದರು. ಫ್ಯೂಸಿನ ಪೆಟ್ಟಿಗೆಗೆ ಹಳೆಯ ಗಾಡಿಯೊಂದರ ಮುಚ್ಚಳ ಹೊಂದಿತು.

ಗಂಡಸರು ವಾಪಸು ಬಂದರು. ಬಲ್ಬು ಇನ್ನೂ ಫ್ಯೂಸಿನ ಜಾಗದಲ್ಲೇ ಇತ್ತು. "ದಿಲೀಪಪ್ಪ, ಇನ್ನೊಂದ್ಸಲ" ಎಂದಳು ರಾಧಾಮಣಿ. ಅವನು ಈಗಾಗಲೇ ಕುಣಿತಕ್ಕೆ ಹದವಾಗಿದ್ದ. ಹೋಟೆಲಿನ ಅಡಿಗೆಯವನೂ ಹತ್ತಿದ. ಇಬ್ಬರೂ ಸೇರಿ ಟೆಂಪೊವನ್ನು ಅಲ್ಲಾಡಿಸಿಬಿಟ್ಟರು. ಬಲ್ಬು ದೇವರ ಮನೆಯ ದೀಪದಂತೆ ಮಂಕಾಗಿ, ಒಂದೇ ಸಮನೆ ಉರಿಯುತ್ತಿತ್ತು. ಜನ ಅದನ್ನೇ ನೋಡುತ್ತಿದ್ದರು. ಝಗ್ಗನಲಿಲ್ಲ.

ಅವಳು ಬಲ್ಬು ಕಿತ್ತು ಹೊಸ ಫ್ಯೂಸು ಹಾಕಿದಳು. ನಾಗರಾಜು ಸರ್ವಿಸ್ ರೋಡಿನ ಹಂಪುಗಳನ್ನೆಲ್ಲ ಬೇಕೆಂದೇ ಜೋರಾಗಿ ಹಾರಿಸಿಕೊಂಡು ಹೋಗಿ, ಹಾಗೆಯೇ ಹಾರಿಸಿಕೊಂಡು ತಿರುಗಿ ಬಂದ. ಹೆಡ್‌ಲೈಟು, ಇಂಡಿಕೇಟರು, ಹಾರನ್ನು, ದಿಲೀಪನ ಹಾಡಿನ ಸೆಟ್ಟು ಎಲ್ಲವೂ ಒಟ್ಟಿಗೆ ನಡೆಯುತ್ತಿದ್ದವು. ಹೋಟೆಲಿನವರು ಸಿಳ್ಳೆ ಹಾಕಿದರು.

"ಏನಿತ್ತಕ್ಕ ಒಳಗೆ?" ಎಂದು ಕೇಳಿದ ನಾಗರಾಜು.

"ಒಂದು ತಾಮ್ರದ ಚೂರು ಸಿಕ್ಕಾಕೊಂಡಿತ್ತು."

"ಯಾವೋನ್ಲಾ ಅದುನ್ನ ಬುಟ್ಟಿದ್ದು? ಆ ಪೇಂಟರೇ ಇರ್ಬೇಕು. ಸಿಕ್ಲಿ ಇವತ್ತು..."

"ಅವನುನ್ನ ಬೈಬ್ಯಾಡ ಕಣ್ಲಾ" ಎಂದರು ಬೈರಮ್ಮ. "ನಾನೇ ಮಡಗಿದ್ದು. ಸೀಟಿನ ಹಿಂದೆ ಕಟ್ಟಿವ್ನಿ, ನೋಡ್ಕೊ. ಯೋಳುದ್ರೆ ಸಕ್ತಿ ಓಯ್ತದೆ ಅಂದಿದ್ರು. ಓದ್ರೆ ಓಗ್ಲಿ, ತಪ್ಪಿಲ್ದೋನ ಮ್ಯಾಲೆ ತಪ್ಪು ಆಕ್ಬ್ಯಾಡ."

ನಾಗರಾಜು ತಾಯಿಯನ್ನು ನೋಡಿದ, ಸೀಟಿನ ಹಿಂದಿನ ಹಳದಿ ಚೀಲವನ್ನು ನೋಡಿದ. ಅವನಿಗೆ ಬೈಯಲೂ ಬರಲಿಲ್ಲ, ನಗಲೂ ಬರಲಿಲ್ಲ. ದಿಲೀಪನಿಗೆ ಮಾತ್ರ ಎರಡೂ ಬಂತು. "ಅತ್ತೆ, ಪೀಡೆ ಅಂಟ್ಕೊಂಡದೆ ಅಂತ ನಾನು ಯೋಳ್ದಾಗ ನಿಮ್ಮುನ್ನೆ ಅಂದಂಗಾಯ್ತಲ್ಲ."

"ನೀನು ಅಂದಿದ್ದುನ್ನ ಯಾವತ್ತು ಯಾರು ಕೇಳುಸ್ಕಂಡವ್ರೆ?" ಎಂದ ಬೈರಮ್ಮ ಮಗನ ಕಡೆ ತಿರುಗಿ, "ನಡೀಲಾ, ಆಲು ಎತ್ತೋ ಒತ್ತಾಯ್ತು. ಬೆಟ್ಟುಕ್ಕೆ ನಾನು ಬಸ್ಸಲ್ಲಿ ಓಯ್ತೀನಿ" ಎಂದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ರಾಧಾಮಣಿಯ ಫೋನು ಹೊಡೆದುಕೊಂಡಿತು. ಶೀತಲ ಕೇಂದ್ರದ ಬಾಗಿಲಿನಿಂದ ನಾಗರಾಜು. ಮಾತಿಗಿಂತ ಮೊದಲು ಹಾರನ್ ಕೇಳಿಸಿತು, ಉದ್ದಕ್ಕೆ. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲವಂತೆ, ಒಂದು ಕ್ಯಾನಿನ ಹಾಲೂ ಒಡೆಯಲಿಲ್ಲವಂತೆ. ಡೇರಿಯವರು, ನಾಳೆ ಬೆಳಗ್ಗೆ ಹೊತ್ತಿಗೆ ಸರಿಯಾಗಿ ಬಾ ಎಂದರಂತೆ. ರೂಟು ಉಳಿಯಿತು. ಅವಳು ಫೋನು ಕೆಳಗಿಟ್ಟು ತಗಡಿನ ಗೋಡೆ ಬಡಿದಳು. ನಾನು ಮಿಷನ್ನು ನಿಲ್ಲಿಸಿ ಹೋದೆ. ಇಬ್ಬರೂ ಕಾಫಿ ಕುಡಿದೆವು.

ಮುಂದಿನ ವಾರ ಟೆಂಪೊ ಮತ್ತೆ ಅಂಗಡಿಯ ಮುಂದೆ ನಿಂತಾಗ, ಮತ್ತೆ ಕೆಟ್ಟಿತೇ ಎಂದುಕೊಂಡು ಮಿಷನ್ನು ಬಿಟ್ಟು ಹೊರಗೆ ಬಂದೆ. ನಾಗರಾಜು ನಗುತ್ತ ಇಳಿದ, ಕೈಯಲ್ಲಿ ಹಾಲಿನ ಪಾತ್ರೆ.

"ಅಕ್ಕ, ನಮ್ಮನೆ ಹಸುವಿನ ಆಲು. ಇನ್ಮೇಲೆ ದಿನಾ ಬೆಳಗ್ಗೆ ನಾನೇ ಬಂದು ಕೊಟ್ಟು ಓಯ್ತೀನಿ. ನೀವು ಪ್ಯಾಕೆಟ್ಟಿನ ಆಲು ಕುಡೀಕೂಡ್ದು."

"ಇವತ್ತಿಂದು ತಂದಿದ್ದಿಯ, ಕೊಡು. ನಾಳೆಯಿಂದ ಬ್ಯಾಡ."

"ಯಾಕಕ್ಕ? ನಮ್ಮವ್ವ ಬಯ್ತದೆ."

"ಬಯ್ಲಿ. ನಿನ್ನ ರೂಟು ಯಾವುದು? ಸಿಂಧಘಟ್ಟದಿಂದ ಪೇಟೆ. ಬೆಳ್ಳೂರು ಕ್ರಾಸು ಯಾವ ದಿಕ್ಕು, ಪೇಟೆ ಯಾವ ದಿಕ್ಕು? ನಂಗೊಂದು ಲೋಟ ಆಲು ಕೊಡಕ್ಕೆ ಸುತ್ಕೊಂಡು ಬಂದ್ರೆ ಹಿಂದೆ ಊರೋರ ಆಲು ಬಿಸ್ಲಲ್ಲಿ ಕಾಯ್ತಾ ಇರ್ತದೆ. ಅದು ಹೊತ್ತಿಗೆ ಮುಟ್ಲಿ ಅಂತ ತಾನೆ ಅಷ್ಟೆಲ್ಲ ಕುಣಿಸಿದ್ದು. ನನ್ ಆಲಿನ ಚಿಂತೆ ಬುಡು. ನೀನು ನೆಟ್ಟಗೆ ಪೇಟೆಗೆ ಓಗು."

ಅವಳು ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಂಡು, ಅವನ ಪಾತ್ರೆ ತೊಳೆದು ಅವನ ಕೈಗೇ ಕೊಟ್ಟಳು.