ನಿಂತಂತೆ ಕಾಣುವ ಚಕ್ರದ ಮುಂದೆ

ದಿನವೂ ಬೆಳಕು ಹರಿಯುವ ಹೊತ್ತು. ಗಾಳಿ ಊದುವ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಕಪ್ಪು ಪರದೆ ಎಳೆದು ದೀಪದಕ್ಕ ಮಿನುಗುದೀಪ ಹಚ್ಚುತ್ತಾರೆ. ಎದುರಿಗೆ ಗಿರ್ರನೆ ತಿರುಗುವ, ರೆಕ್ಕೆಗಳಿರುವ ಉಕ್ಕಿನ ಚಕ್ರ. ದೀಪದ ಗುಂಡಿಯನ್ನು ಒಂದಿಷ್ಟು ತಿರುವಿದರೆ ಚಕ್ರ ಹಿಂದಕ್ಕೆ ತೆವಳುತ್ತದೆ. ಇನ್ನೊಂದಿಷ್ಟು ಇತ್ತ ತಿರುವಿದರೆ ಮುಂದಕ್ಕೆ. ಆಮೇಲೆ, ಯಾರೋ ಹಿಡಿದು ನಿಲ್ಲಿಸಿದ ಹಾಗೆ ನಿಂತೇಬಿಡುತ್ತದೆ. ಅದೇ ಕ್ಷಣಕ್ಕೆ ಅಕ್ಕನ ಒಡಕು ದನಿ ಏಳುತ್ತದೆ: “ಓಡ್ತಿದೆ! ಓಡ್ತಿದೆ!”

ಚಕ್ರ ನಿಂತಿಲ್ಲ. ಅದು ಒಂದು ಸುತ್ತು ಬಂದಾಗಲೆಲ್ಲ ದೀಪ ಒಮ್ಮೆ ಮಿಂಚುತ್ತದೆ. ಕಣ್ಣಿಗೆ ಬೀಳುವುದು ಪ್ರತಿ ಸಲವೂ ಅದೇ ಭಂಗಿ. ನಡುವಿನ ಓಟವನ್ನೆಲ್ಲ ಕತ್ತಲೆ ನುಂಗುತ್ತದೆ. ಪೂರ್ತಿ ವೇಗದಲ್ಲಿ ಮಾತ್ರ ಬಾಯಿಬಿಡುವ ಬಿರುಕು, ರೆಕ್ಕೆಯ ಸೊಟ್ಟ, ಎಲ್ಲ ಹೀಗೆ ಸಿಕ್ಕಿಬೀಳುತ್ತವೆ. ಕೈ ತಾಗದಂತೆ ತಡೆಯುವ ಕಾಪುಬಲೆ ಕೂರಿಸುವುದು ಈ ಪರೀಕ್ಷೆಯ ನಂತರವೇ. ಸುತ್ತಲಿನ ಯಂತ್ರಗಳ ಸದ್ದಿನಲ್ಲಿ ಚಕ್ರದ ಸದ್ದು ಬೇರೆಯಾಗಿ ಕೇಳುವುದೂ ಇಲ್ಲ. ಆದ್ದರಿಂದ ದೀಪ ಉರಿಯುವಷ್ಟು ಹೊತ್ತೂ ಅದನ್ನು ಹಿಡಿದವರು ಕೂಗುತ್ತಿರಬೇಕು. ಈ ಪದ್ಧತಿ ಹಾಕಿದವರು ದೀಪದಕ್ಕನೇ.

ಅದಕ್ಕೆ ಕಾರಣ ಅವರ ಗಂಡ. ಅವರು ಇಲ್ಲಿಯೇ ಫಿಟ್ಟರ್ ಆಗಿದ್ದರು. ಇಪ್ಪತ್ತು ವರ್ಷದ ಹಿಂದೆ, ನಿಂತಂತೆ ಕಂಡ ಚಕ್ರದ ಮೇಲೆ ಗುರುತಿಗೆಂದು ಎಳೆದ ಸುಣ್ಣದಕಡ್ಡಿಯ ಗೆರೆ ಮಸುಕಾಗಿದೆಯೆಂದು ತಿದ್ದಲು ಕೈ ಚಾಚಿದರು. ಬಲಗೈಯ ಮೂರು ಬೆರಳು ಹೋದವು.

“ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ಎಲ್ಲರಿಗೂ ಹೇಳಿಕೊಡ್ತಿದ್ದವರು ಅವರೇ,” ಎನ್ನುತ್ತಾರೆ ಅಕ್ಕ. “ಕಣ್ಣು ‘ನಿಂತಿದೆ’ ಅಂದ್ರೆ ಕೈ ಯಾರನ್ನೂ ಕೇಳಲ್ಲ. ದೇವರು ಪ್ರಾಣ ಉಳಿಸಿದ, ಅಷ್ಟು ಸಾಕು. ಬೆರಳು ಹೋಗಿದ್ದು ಅವರದು, ಗಂಟಲು ಹೋಗಿದ್ದು ನಂದು!”

ಗಂಟಲಿನ ಮಾತು ತಮಾಷೆಯಲ್ಲ. ಇನ್ನು ಕೂಗಿದರೆ ದನಿಯೇ ನಿಲ್ಲುತ್ತದೆ ಎಂದಿದ್ದಾರೆ ವೈದ್ಯರು. ದೀಪ ಈಗ ಸೊಸೆಯ ಕೈಗೆ ಬರಬೇಕು. ಅವಳ ಕಣ್ಣು ಚುರುಕು. ಬಾಯಿ ಮಾತ್ರ ಇಲ್ಲ.

“ಪರೀಕ್ಷೆಗೆ ನಿಲ್ಲೋ ಮೇಸ್ತ್ರಿಗೆ ನಮ್ಮಪ್ಪನ ವಯಸ್ಸು. ಅವರ ಮೇಲೆ ಹೇಗೆ ಕಿರುಚಲಿ, ಅತ್ತೆ?”

“ನನ್ನ ಮಗನ ಮೇಲೆ ಕಿರುಚಲ್ವಾ? ಹಾಗೇ!”

ಇವತ್ತು ದೀಪ ಹಿಡಿದವಳು ಸೊಸೆಯೇ. ಅತ್ತೆ ಬಾಗಿಲ ಬಳಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಾರೆ. ಚಕ್ರ ನಿಲ್ಲುತ್ತದೆ. “ಓಡ್ತಿದೆ,” ಎನ್ನುತ್ತಾಳೆ ಸೊಸೆ, ಪಕ್ಕದವರಿಗೂ ಕೇಳದ ಹಾಗೆ. ಒಂದು ರೆಕ್ಕೆಯ ಮೇಲೆ ಎಣ್ಣೆಯ ಕಲೆ. ಮೇಸ್ತ್ರಿ ಹೆಗಲ ಮೇಲಿನ ಬಟ್ಟೆ ತೆಗೆದು, ಏನೋ ಯೋಚಿಸುತ್ತ, ಒರೆಸಲು ಬಾಗುತ್ತಾರೆ.

“ಓಡ್ತಿದೇರೀ! ಕೈ ತೆಗೀರಿ! ಬುದ್ಧಿ ಇಲ್ವಾ ನಿಮಗೆ?” ಸೊಸೆಯ ಕೂಗು ಅಂಗಳದಾಚೆಗೂ ಹೋಗುತ್ತದೆ.

ಮೇಸ್ತ್ರಿಯ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಅವರು ತಮ್ಮ ಬೆರಳುಗಳನ್ನು ಒಮ್ಮೆ ನೋಡಿಕೊಂಡು, “ಇಲ್ಲ ತಾಯಿ,” ಎಂದಷ್ಟೇ ಹೇಳಿ ಹಿಂದೆ ಸರಿಯುತ್ತಾರೆ. ಸೊಸೆಯ ಕಣ್ಣಲ್ಲಿ ನೀರು. ದೀಪ ಹಿಡಿದ ಕೈ ಅಲುಗುವುದಿಲ್ಲ.

ಅಂಗಳದಾಚೆಯ ಉಗ್ರಾಣದಲ್ಲಿ ಈಗ ಕೆಲಸ ಮಾಡುವ ದೀಪದಕ್ಕನ ಗಂಡ, ಎಡಗೈಯಲ್ಲಿ ಚಹಾ ಲೋಟ ಹಿಡಿದೇ ಓಡಿಬರುತ್ತಾರೆ. ಕೋಣೆಯೊಳಗೆ ಇಣುಕಿ, ಎಲ್ಲರ ಕೈಗಳನ್ನೂ ನೋಡಿ, ಉಸಿರು ಬಿಟ್ಟು, ಹೆಂಡತಿಯತ್ತ ತಿರುಗುತ್ತಾರೆ.

“ಕೂಗಿದ್ದು ನೀನಲ್ಲ ಅಂತ ಅಲ್ಲೇ ಗೊತ್ತಾಯ್ತು. ನಿನ್ನ ದನೀಲಿ ಇಷ್ಟು ಕೋಪ ಇರಲಿಲ್ಲ.”

“ನಂಗಿನ್ನೇನೂ ಬೇಡ,” ಎನ್ನುತ್ತಾರೆ ದೀಪದಕ್ಕ, ಉಳಿದಷ್ಟು ದನಿಯಲ್ಲಿ. “ನಾಳೆಯಿಂದ ಮನೇಲಿ ಬಾಯಿ ಮುಚ್ಚಿಕೊಂಡು ಸುಮ್ನಿರ್ತೀನಿ.”

“ಅದನ್ನ ಕಣ್ಣಾರೆ ನೋಡಿದ ಮೇಲೆ ನಂಬ್ತೀನಿ.”

“ಕಣ್ಣನ್ನ ನಂಬಬೇಡಿ ಅಂತ ತಾನೇ ಇಷ್ಟು ವರ್ಷ ಕೂಗಿದ್ದು?”