ಕಬ್ಬಿಣದ ಕಪಾಟುಗಳ ನಡುವೆ ವೈರ್‌ಲೆಸ್

ವೈರ್‌ಲೆಸ್ ಕೆಟ್ಟಿರಲಿಲ್ಲ. ಅದನ್ನು ಕಂಪ್ಯೂಟರ್ ಕೋಣೆಯ ಕಬ್ಬಿಣದ ಕಪಾಟುಗಳ ನಡುವೆ ಇಟ್ಟದ್ದೇ ತಪ್ಪು. ತೊಂಬತ್ತರ ದಶಕದಲ್ಲಿ ನಾನು ಕಸ ಗುಡಿಸುತ್ತಿದ್ದ ಕಾಲುವೆ ಕಚೇರಿಗೆ ಕಂಪ್ಯೂಟರ್ ಬಂದಾಗ, ಬೆಲೆಬಾಳುವುದೆಲ್ಲ ಒಂದೇ ಬೀಗದೊಳಗಿರಲಿ ಎಂದು ಕಾಲುವೆ ಮೇಲಿನವರೊಡನೆ ಮಾತಾಡಲು ಕೈಯಲ್ಲಿ ಹಿಡಿಯುವ ವೈರ್‌ಲೆಸ್ಸನ್ನೂ ಅಲ್ಲೇ ಇಟ್ಟರು. ಒಳಗೆ ಹೋಗುವವರು ಚಪ್ಪಲಿ ಬಿಡಬೇಕಿತ್ತು.

ಒಂದು ಮಧ್ಯಾಹ್ನ, ಮೇಲ್ಗಡೆಯ ಗೇಟಿನಿಂದ ನೀರು ಬಿಟ್ಟಿದ್ದೇವೆಂದು ಫೋನ್ ಬಂತು. ನನ್ನ ಗಂಡ ಮಸ್ಕಿ ಕಡೆಯ ಒಣ ಕಾಲುವೆಯೊಳಗಿಳಿದು ಹೂಳು ತೆಗೆಯುತ್ತಿದ್ದ. ಅವನ ಹತ್ತಿರವೂ ಒಂದು ವೈರ್‌ಲೆಸ್ ಇತ್ತು. ವೈರ್‌ಲೆಸ್ ಆಪರೇಟರ್ ಕೋಣೆಯೊಳಗಿಂದ ಎಷ್ಟು ಕೂಗಿದರೂ ಬರೀ ಗೊರಗೊರ.

"ಹೊರಗ ತಗೊಂಬರ್ರೀ. ನಿಮ್ಮ ರೇಡಿಯೋನೂ ಈ ಕ್ವಾಣ್ಯಾಗ ಹಾಡಂಗಿಲ್ಲ" ಎಂದೆ.

"ಸಾಹೇಬ್ರ ಹುಕುಂ ಇಲ್ಲಬೇ. ಕಸಬರಿಗಿ ಹಿಡಿಯೋ ನಿನಗೇನು ಗೊತ್ತೈತಿ?"

"ಹುಕುಂ ಬರೂದ್ರಾಗ ನೀರು ಬರತೈತಿ."

ಚಪ್ಪಲಿ ಬಿಚ್ಚದೆಯೇ ನುಗ್ಗಿ, ಅದನ್ನು ಕಸಿದುಕೊಂಡು ಪಡಸಾಲೆಗೆ ಓಡಿ ಗುಂಡಿ ಒತ್ತಿದೆ. "ಮ್ಯಾಲ ಹತ್ರೀ! ನೀರು ಬಿಟ್ಟಾರ!"

ಗುಂಡಿ ಬಿಟ್ಟು ಕಿವಿಗೆ ಹಿಡಿದೆ, ಮತ್ತೆ ಒತ್ತಿದೆ. ಅಂದಿನವರೆಗೆ ಬಾಯಲ್ಲಿ ಬಾರದ ಗಂಡನ ಹೆಸರನ್ನೇ ಹಿಡಿದು ಕೂಗಿದೆ.

"ಮ್ಯಾಲ ಬಂದೀನಿ. ಹೆಸರ್ಯಾಕ ಹಿಡೀತೀ ಬೇ?"

ಮರುದಿನ ಬೆಳಿಗ್ಗೆ, ಸಾಹೇಬರು ಬರುವ ಮೊದಲೇ ಪಡಸಾಲೆಯ ಕಂಬಕ್ಕೆ ಮೊಳೆ ಹೊಡೆದು, ಆಪರೇಟರ್ ಕೈಯಿಂದಲೇ ವೈರ್‌ಲೆಸ್ಸನ್ನು ಅಲ್ಲಿ ತೂಗುಹಾಕಿಸಿದೆ.